ಮ್ಯಾಥ್ಸ್ ಬಿಟ್ಟು ಬಯಾಲಜಿ, ಆರ್ಟ್ಸ್ ತಗೊಂಡ್ರೂ ಕ್ಯಾಲ್ಕುಲಸ್ ಬೆನ್ನು ಬಿಡಲ್ಲ: ಏನಿದು, ಎಷ್ಟು ಕಲಿತರೆ ಸಾಕು?

ಮುಂಬೈ: 'ಮ್ಯಾಥ್ಸ್ ಬಿಟ್ಟೆ, ಇನ್ನು ಆರಾಮ್'. ಹತ್ತನೇ ತರಗತಿ ಮುಗಿಸಿ ವಿಲೆ ಪಾರ್ಲೆಯ ಕಾಲೇಜುಗಳಿಗೆ ಅರ್ಜಿ ಹಾಕುವ ಎಷ್ಟೋ ಮಕ್ಕಳ ಮಾತಿದು. ಸ್ಟೇಷನ್‌ನ ಪಶ್ಚಿಮಕ್ಕೆ ಮೀಠಿಬಾಯಿ, ಪೂರ್ವಕ್ಕೆ ಸಾಠೇ ಕಾಲೇಜು. ಮಹಾರಾಷ್ಟ್ರದಲ್ಲಿ ಹನ್ನೊಂದನೇ ತರಗತಿಗೆ ಸೈನ್ಸ್ ಸೇರುವವರು ಗಣಿತವನ್ನು ಕೈಬಿಟ್ಟು ಪಿಸಿಬಿ, ಅಂದರೆ ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ ಮಾತ್ರ ಓದಬಹುದು. ನೀಟ್ ಪರೀಕ್ಷೆಯಲ್ಲೂ ಗಣಿತದ ಪತ್ರಿಕೆ ಇಲ್ಲ. ಆರ್ಟ್ಸ್ ಸೇರುವವರಂತೂ ಗಣಿತಕ್ಕೆ ಕೈ ಮುಗಿದೇ ಬಂದಿರುತ್ತಾರೆ.

ಆದರೆ ಈ ಆರಾಮ್ ಹೆಚ್ಚು ದಿನ ಇರುವುದಿಲ್ಲ. ಮಹಾರಾಷ್ಟ್ರ ಬೋರ್ಡ್‌ನ ಹನ್ನೊಂದನೇ ತರಗತಿಯ ಫಿಸಿಕ್ಸ್ ಪುಸ್ತಕ ತೆರೆಯಿರಿ. ಎರಡನೇ ಅಧ್ಯಾಯದ ಹೆಸರೇ 'ಗಣಿತ ವಿಧಾನಗಳು'. ಅದರಲ್ಲಿ ವೆಕ್ಟರ್ ಆದ ಮೇಲೆ ಬರುವುದೇ ಕ್ಯಾಲ್ಕುಲಸ್ ಪರಿಚಯ! ಮುಂಬಾಗಿಲಿನಿಂದ ಹೊರಗೆ ಕಳಿಸಿದ ಅತಿಥಿ ಹಿತ್ತಲಿಂದ ಒಳಗೆ ಬಂದು ಕುಳಿತ ಹಾಗೆ.

ಕರ್ನಾಟಕದ ಪಿಯುಸಿಯಲ್ಲಿ ಸೈನ್ಸ್‌ನವರು ಬಹುತೇಕ ಪಿಸಿಎಂಬಿ ತೆಗೆದುಕೊಳ್ಳುವುದರಿಂದ ಗಣಿತ ಹೇಗೋ ಜೊತೆಗಿರುತ್ತದೆ. ಮುಂಬೈ ಕನ್ನಡಿಗರ ಮನೆಯ ಮಕ್ಕಳಿಗೆ 15-16ನೇ ವಯಸ್ಸಿಗೇ ಈ ಆಯ್ಕೆ ಎದುರಾಗುತ್ತದೆ. ಹಾಗಾದರೆ ಗಣಿತ ಬಿಟ್ಟವರಿಗೆ ಕ್ಯಾಲ್ಕುಲಸ್ ಮತ್ತೆ ಎಲ್ಲಿ ಸಿಗುತ್ತದೆ? ಅವರಿಗೆ ಬೇಕಾಗಿರುವುದು ಎಷ್ಟು? ಇಲ್ಲಿದೆ ವಿವರ.

ಎಲ್ಲೆಲ್ಲಿ ಎದುರಾಗುತ್ತದೆ?

ಬಿ.ಎಸ್ಸಿ. ಬಯೋಟೆಕ್ನಾಲಜಿ ಮುಗಿಸಿ ಐಐಟಿಯಲ್ಲಿ ಎಂ.ಎಸ್ಸಿ. ಮಾಡಬೇಕೆಂದರೆ ಜ್ಯಾಮ್ ಪರೀಕ್ಷೆ ಬರೆಯಬೇಕು. ಅದರ ಬಯೋಟೆಕ್ನಾಲಜಿ ಪತ್ರಿಕೆಯಲ್ಲಿ ಹನ್ನೆರಡನೇ ತರಗತಿ ಮಟ್ಟದ ಗಣಿತ ಇದೆ. ಗೇಟ್ ಪರೀಕ್ಷೆಯ ಬಯೋಟೆಕ್ನಾಲಜಿ ಪತ್ರಿಕೆಯಲ್ಲಿ ಕ್ಯಾಲ್ಕುಲಸ್, ಡಿಫರೆನ್ಷಿಯಲ್ ಈಕ್ವೇಶನ್ ಎರಡೂ ಇವೆ. ದೆಹಲಿ ವಿಶ್ವವಿದ್ಯಾಲಯದ ಬಿಎ ಆನರ್ಸ್ ಎಕನಾಮಿಕ್ಸ್‌ಗೆ ಹನ್ನೆರಡನೇ ತರಗತಿಯಲ್ಲಿ ಗಣಿತ ಓದಿರಲೇಬೇಕು. ಅಂದರೆ 16ನೇ ವಯಸ್ಸಿನಲ್ಲಿ ಮುಚ್ಚಿದ ಬಾಗಿಲು 20ನೇ ವಯಸ್ಸಿನಲ್ಲಿ ಬೇಕಾಗುತ್ತದೆ. ಆಗ ಕೋಚಿಂಗ್ ಕ್ಲಾಸ್‌ನಲ್ಲಿ ಮೊದಲ ದಿನವೇ ಸೂತ್ರಗಳ ಪಟ್ಟಿ ಕೊಟ್ಟು ಬಾಯಿಪಾಠ ಮಾಡಿ ಎನ್ನುತ್ತಾರೆ. ನನ್ನ ಅಭಿಪ್ರಾಯದಲ್ಲಿ ಅರ್ಧ ಜನ ಅಲ್ಲೇ ಸೋಲುತ್ತಾರೆ.

ಈ ಲೇಖನ ಬರೆಯುತ್ತಿರುವ ನಾನು ಪತ್ರಿಕೋದ್ಯಮ ಓದಿದವಳು. ಹತ್ತನೇ ತರಗತಿ ಆದ ಮೇಲೆ ಗಣಿತದ ಪುಸ್ತಕ ಮುಟ್ಟಿರಲಿಲ್ಲ. ಹಾಗಾಗಿ ಸೂತ್ರ ಆಮೇಲೆ. ಮೊದಲು ಮಳೆಯಿಂದ ಶುರು ಮಾಡೋಣ.

ಪಾರ್ಲೆಯ ಮಳೆ ಹೇಳಿಕೊಡುವ ಕ್ಯಾಲ್ಕುಲಸ್

2005ರ ಜುಲೈ 26. ಮುಂಬೈನವರು ಯಾರೂ ಮರೆಯದ ದಿನ. ಪಾರ್ಲೆಯ ಪಕ್ಕದ ಸಾಂತಾಕ್ರೂಜ್ ಹವಾಮಾನ ಕೇಂದ್ರದಲ್ಲಿ 24 ಗಂಟೆಯಲ್ಲಿ 944 ಮಿ.ಮೀ. ಮಳೆ ದಾಖಲಾಯಿತು. ಅದೇ ದಿನ ದಕ್ಷಿಣ ಮುಂಬೈನ ಕೊಲಾಬಾದಲ್ಲಿ ಬಿದ್ದದ್ದು ಸುಮಾರು 73 ಮಿ.ಮೀ. ಮಾತ್ರ.

944ನ್ನು 24ರಿಂದ ಭಾಗಿಸಿ. ಗಂಟೆಗೆ ಸರಾಸರಿ 39 ಮಿ.ಮೀ. ಚಿಲ್ಲರೆ. ಆದರೆ ಅಂದು ಮಳೆ ದಿನವಿಡೀ ಒಂದೇ ಸಮನೆ ಸುರಿದಿರಲಿಲ್ಲ. ಬೆಳಗ್ಗೆ ಆಫೀಸಿಗೆ ಹೋದವರಿಗೆ ಮುಂದೇನು ಕಾದಿದೆ ಎಂಬ ಸುಳಿವೂ ಇರಲಿಲ್ಲ. ಮಧ್ಯಾಹ್ನದ ನಂತರ ಆಕಾಶ ಕಳಚಿ ಬಿತ್ತು. 'ಸರಾಸರಿ 39' ಎಂಬ ಸಂಖ್ಯೆ ಆ ಮಧ್ಯಾಹ್ನದ ಬಗ್ಗೆ ಏನನ್ನೂ ಹೇಳುವುದಿಲ್ಲ. ಹಾಗಾದರೆ ಒಂದು ಗಂಟೆಯ ಲೆಕ್ಕ ನೋಡಿ. ಅದರಲ್ಲೂ ಜೋರು, ಸಣ್ಣ ಎಂದಿರುತ್ತದೆ. ಹತ್ತು ನಿಮಿಷದ್ದು ನೋಡಿ. ಒಂದು ನಿಮಿಷದ್ದು. ಒಂದು ಸೆಕೆಂಡಿನದ್ದು. ಹೀಗೆ ಸಮಯದ ತುಂಡನ್ನು ಕಿರಿದು ಮಾಡುತ್ತಾ ಹೋದರೆ 'ಈ ಕ್ಷಣದಲ್ಲಿ ಮಳೆ ಎಷ್ಟು ಜೋರಾಗಿದೆ' ಎಂಬ ಉತ್ತರಕ್ಕೆ ಹತ್ತಿರವಾಗುತ್ತೇವೆ. ಆ ಉತ್ತರವೇ ಡೆರಿವೇಟಿವ್. ಅದನ್ನು ಕಂಡುಹಿಡಿಯುವ ಕ್ರಮಕ್ಕೆ ಕನ್ನಡ ಪಠ್ಯಪುಸ್ತಕಗಳಲ್ಲಿ 'ಅವಕಲನ' ಎನ್ನುತ್ತಾರೆ.

ಇದರ ತಿರುವು ಮುರುವು ಲೆಕ್ಕವೂ ಇದೆ. ಪ್ರತಿ ನಿಮಿಷ ಮಳೆ ಎಷ್ಟು ಜೋರಾಗಿತ್ತು ಎಂಬ ಪಟ್ಟಿ ಮಾತ್ರ ನಿಮ್ಮ ಕೈಯಲ್ಲಿದೆ ಎಂದುಕೊಳ್ಳಿ. ಅದನ್ನೆಲ್ಲ ಕೂಡಿಸುತ್ತಾ ಹೋದರೆ ಒಟ್ಟು ಎಷ್ಟು ಮಿ.ಮೀ. ಬಿತ್ತು ಎಂಬುದು ಸಿಗುತ್ತದೆ. ಇದು 'ಅನುಕಲನ', ಅಂದರೆ ಇಂಟಿಗ್ರೇಷನ್. ಕಲನಶಾಸ್ತ್ರ ಎಂದರೆ ಮೂಲದಲ್ಲಿ ಇವೆರಡೇ: ವೇಗ ಎಷ್ಟು, ಕೂಡಿದ ಮೊತ್ತ ಎಷ್ಟು.

ಅಷ್ಟಕ್ಕೂ ವೇಗ ಮತ್ತು ಮೊತ್ತವನ್ನು ಬೇರೆ ಬೇರೆ ನೋಡಬೇಕು ಯಾಕೆ? ಮುಂಬೈನ ಹಳೆಯ ಮಳೆನೀರು ಚರಂಡಿಗಳು ಗಂಟೆಗೆ ಸುಮಾರು 25 ಮಿ.ಮೀ. ಮಳೆ ತಾಳುವಂತೆ ರೂಪಿಸಿದವು. ಸಮುದ್ರದಲ್ಲಿ ಇಳಿತ ಇದ್ದರೆ ಮಾತ್ರ ಅಷ್ಟು. ಅದನ್ನು 50 ಮಿ.ಮೀ.ಗೆ ಏರಿಸುವ ಬ್ರಿಮ್‌ಸ್ಟೋವಾಡ್ ಯೋಜನೆಯ ವರದಿ ಬಂದದ್ದು 1993ರಲ್ಲಿ. ಈಗ ಒಂದು ಸುಲಭದ ಲೆಕ್ಕ ಮಾಡೋಣ, ಸಂಖ್ಯೆಗಳು ಕಾಲ್ಪನಿಕ. ಐದು ಗಂಟೆಗಳಲ್ಲಿ ಕ್ರಮವಾಗಿ 10, 40, 60, 30, 10 ಮಿ.ಮೀ. ಮಳೆ ಬಂತು. ಚರಂಡಿ ಗಂಟೆಗೆ 25 ಹೊರಹಾಕುತ್ತದೆ. ಮೊದಲ ಗಂಟೆ ರಸ್ತೆಯಲ್ಲಿ ನೀರಿಲ್ಲ. ಎರಡನೇ ಗಂಟೆಯ ಕೊನೆಗೆ 15 ನಿಂತಿದೆ. ಮೂರನೇ ಗಂಟೆಯ ಕೊನೆಗೆ 50. ನಾಲ್ಕನೇ ಗಂಟೆಯಲ್ಲಿ ಮಳೆ ಅರ್ಧಕ್ಕರ್ಧ ಇಳಿಯಿತು. 'ಅಬ್ಬಾ, ಕಡಿಮೆಯಾಯ್ತು' ಎಂದು ನೀವು ಮನೆಯಿಂದ ಹೊರಟಿರಿ. ಆದರೆ ರಸ್ತೆಯ ನೀರು 50ರಿಂದ 55ಕ್ಕೆ ಏರಿದೆ! ಐದನೇ ಗಂಟೆಯಲ್ಲಿ ಮಳೆ ಚರಂಡಿಯ ಸಾಮರ್ಥ್ಯಕ್ಕಿಂತ ಕೆಳಗಿಳಿದ ಮೇಲೆ ತಾನೇ ನೀರು 40ಕ್ಕೆ ಇಳಿಯುವುದು.

ಸಾಂತಾಕ್ರೂಜ್ ಮತ್ತು ಪಾರ್ಲೆ ನಡುವಿನ ಮಿಲನ್ ಸಬ್‌ವೇ ಬಳಿ ಪ್ರತಿ ಮಳೆಗಾಲ ಇದೇ ಕಥೆ. ಅಲ್ಲಿ ನೀರನ್ನು ತಾತ್ಕಾಲಿಕವಾಗಿ ಹಿಡಿದಿಡಲು ಪಾಲಿಕೆ ಭೂಗತ ಟ್ಯಾಂಕ್ ಕಟ್ಟಿದ್ದು ಇದೇ ಕಾರಣಕ್ಕೆ. ಒಳಬರುವ ವೇಗ, ಹೊರಹೋಗುವ ವೇಗ, ಇವೆರಡರ ವ್ಯತ್ಯಾಸ ಕೂಡುತ್ತಾ ಹೋದಾಗ ಆಗುವ ಮೊತ್ತ. ಈ ಮೂರನ್ನು ಬೇರೆ ಬೇರೆಯಾಗಿ ಕಾಣುವ ಕಣ್ಣು ಬಂದರೆ ಕ್ಯಾಲ್ಕುಲಸ್‌ನ ಕಷ್ಟದ ಭಾಗ ಮುಗಿಯಿತು ಎಂದೇ ಅರ್ಥ. ಭೂಗೋಳ ಓದುವವರಿಗೂ ನಗರ ಯೋಜನೆ ಓದುವವರಿಗೂ ಇದು ಬೇಕು.

2020ರಲ್ಲಿ ಪಾರ್ಲೆಯವರು ಇದನ್ನು ಇನ್ನೊಂದು ರೂಪದಲ್ಲಿ ದಿನವೂ ಓದಿದ್ದಾರೆ. ಕೋವಿಡ್ ಕಾಲದಲ್ಲಿ ಬಿಎಂಸಿ ವಾರ್ಡ್‌ವಾರು ಪ್ರಕರಣಗಳ ಹೆಚ್ಚಳದ ದರ ಮತ್ತು ಎಷ್ಟು ದಿನಕ್ಕೆ ಸಂಖ್ಯೆ ದುಪ್ಪಟ್ಟಾಗುತ್ತದೆ ಎಂಬುದನ್ನು ಪ್ರಕಟಿಸುತ್ತಿತ್ತು. ಪಾರ್ಲೆ ಪೂರ್ವ ಬರುವುದು ಕೆ-ಈಸ್ಟ್ ವಾರ್ಡ್‌ಗೆ, ಪಶ್ಚಿಮ ಕೆ-ವೆಸ್ಟ್‌ಗೆ. ದಿನಕ್ಕೆ ಶೇ. 5ರ ದರದಲ್ಲಿ ಹೆಚ್ಚಿದರೆ ಸುಮಾರು 14 ದಿನಕ್ಕೆ ದುಪ್ಪಟ್ಟು, ಶೇ. 1 ಆದರೆ ಸುಮಾರು 70 ದಿನ. 70ನ್ನು ದರದಿಂದ ಭಾಗಿಸಿದರೆ ಆಯಿತು. ಬ್ಯಾಂಕ್ ಎಫ್‌ಡಿಗೂ ಇದೇ ಲೆಕ್ಕ.

ಬಯಾಲಜಿ ಪುಸ್ತಕದಲ್ಲೇ ಅಡಗಿದೆ

ಎನ್‌ಸಿಇಆರ್‌ಟಿಯ ಹನ್ನೆರಡನೇ ತರಗತಿ ಬಯಾಲಜಿ ಪುಸ್ತಕದಲ್ಲಿ ಜೀವಿಗಳು ಮತ್ತು ಅವುಗಳ ಸಂಖ್ಯೆಯ ಬಗ್ಗೆ ಒಂದು ಅಧ್ಯಾಯವಿದೆ. ನೀಟ್‌ಗೆ ಓದುವ ಎಲ್ಲರೂ ಓದುವ ಅಧ್ಯಾಯ. ಅಲ್ಲಿ 'ಡಿಎನ್ ಬೈ ಡಿಟಿ' ಎಂಬ ಚಿಹ್ನೆ ಬರುತ್ತದೆ. ಗಣಿತ ಬಿಟ್ಟವರು ಅದನ್ನು ಚಿತ್ರದಂತೆ ನೆನಪಿಟ್ಟುಕೊಂಡು ಮುಂದೆ ಹೋಗುತ್ತಾರೆ. ಅದರ ಅರ್ಥ ಇಷ್ಟೇ: ಎನ್ ಎಂದರೆ ಈಗಿರುವ ಜೀವಿಗಳ ಸಂಖ್ಯೆ, ಟಿ ಎಂದರೆ ಸಮಯ. ಈ ಕ್ಷಣದಲ್ಲಿ ಸಂಖ್ಯೆ ಯಾವ ವೇಗದಲ್ಲಿ ಬದಲಾಗುತ್ತಿದೆ ಎಂಬುದೇ ಡಿಎನ್ ಬೈ ಡಿಟಿ. ಆ ವೇಗ ಈಗಿರುವ ಸಂಖ್ಯೆಗೆ ತಕ್ಕಂತೆ ಇರುತ್ತದೆ, ಅಂದರೆ ಆರ್ × ಎನ್. ಹೆಚ್ಚು ಜೀವಿಗಳಿದ್ದರೆ ಹೆಚ್ಚು ಮರಿಗಳು. ಅಷ್ಟೇ.

ಭಾರತದ ಜನಸಂಖ್ಯೆಗೆ 1981ರಲ್ಲಿ ಆರ್ ಬೆಲೆ 0.0205 ಇತ್ತು ಎಂದು ಅದೇ ಪುಸ್ತಕ ಹೇಳುತ್ತದೆ. ಇದನ್ನು ಬಾಯಿಪಾಠ ಮಾಡುವ ಬದಲು ಬಳಸಿ ನೋಡೋಣ. 1981ರ ಜನಗಣತಿಯಲ್ಲಿ ನಾವು 68.33 ಕೋಟಿ. ಇದೇ ವೇಗ ಮುಂದುವರಿದಿದ್ದರೆ 34 ವರ್ಷಕ್ಕೆ ದುಪ್ಪಟ್ಟಾಗಬೇಕಿತ್ತು. 30 ವರ್ಷದ ನಂತರ, 2011ರಲ್ಲಿ, 126 ಕೋಟಿ ದಾಟಬೇಕಿತ್ತು. 2011ರ ಜನಗಣತಿಯಲ್ಲಿ ಸಿಕ್ಕಿದ್ದು 121 ಕೋಟಿ. ವ್ಯತ್ಯಾಸ ಸುಮಾರು 5 ಕೋಟಿ. ಆ ವರ್ಷ ಇಡೀ ಕರ್ನಾಟಕದ ಜನಸಂಖ್ಯೆ 6.11 ಕೋಟಿ ಇತ್ತು ಎಂಬುದನ್ನು ನೆನೆದರೆ ಇದು ಎಷ್ಟು ದೊಡ್ಡ ಸಂಖ್ಯೆ ಎಂದು ಗೊತ್ತಾಗುತ್ತದೆ. ಜನಸಂಖ್ಯೆ ಏರುತ್ತಲೇ ಇತ್ತು, ಆದರೆ ಏರುವ ದರ ಇಳಿಯುತ್ತಿತ್ತು. ಸಮಾಜಶಾಸ್ತ್ರದ ವಿದ್ಯಾರ್ಥಿ ಇಲ್ಲಿಂದಲೇ ಕೇಳಬೇಕಾದ ಪ್ರಶ್ನೆ: ದರ ಯಾಕೆ ಇಳಿಯಿತು, ಯಾವ ರಾಜ್ಯದಲ್ಲಿ ಮೊದಲು ಇಳಿಯಿತು?

ಜೀವಿಗಳ ಸಂಖ್ಯೆ ಹೀಗೆ ಎಂದೆಂದಿಗೂ ಏರಲು ಸಾಧ್ಯವಿಲ್ಲ, ಜಾಗ ಮತ್ತು ಆಹಾರ ಸಾಲುವುದಿಲ್ಲ. 1838ರಲ್ಲಿ ಬೆಲ್ಜಿಯಂನ ಗಣಿತಜ್ಞ ವೆರ್ಹುಲ್ಸ್ಟ್ ಆ ಸೂತ್ರಕ್ಕೆ ಒಂದು ಕಡಿವಾಣ ಹಾಕಿದರು. ಕೆರೆ ಸಾಕಬಲ್ಲ ಗರಿಷ್ಠ ಮೀನುಗಳ ಸಂಖ್ಯೆ ಕೆ ಆಗಿದ್ದರೆ, ಹೆಚ್ಚಳದ ವೇಗ = ಆರ್ × ಎನ್ × (ಕೆ − ಎನ್) ÷ ಕೆ. ಇದೇ ಲಾಜಿಸ್ಟಿಕ್ ಸಮೀಕರಣ.

ಸೂತ್ರ ನೋಡಿ ಗಾಬರಿಯಾಗಬೇಡಿ. ಕೆ 1000, ಆರ್ ವರ್ಷಕ್ಕೆ 0.4 ಎಂದು ಇಟ್ಟುಕೊಂಡು ಕ್ಯಾಲ್ಕುಲೇಟರ್ ಒತ್ತಿ. ಕೆರೆಯಲ್ಲಿ 100 ಮೀನು ಇದ್ದಾಗ ಹೆಚ್ಚಳದ ವೇಗ ವರ್ಷಕ್ಕೆ 36. 500 ಇದ್ದಾಗ 100. 900 ಇದ್ದಾಗ ಮತ್ತೆ 36. ಅಂದರೆ ಕೆರೆ ಅರ್ಧ ತುಂಬಿದಾಗ ಹೆಚ್ಚಳ ಅತಿ ಜೋರು. ತುಂಬಾ ಕಡಿಮೆ ಇದ್ದರೂ ನಿಧಾನ, ತುಂಬಾ ಹೆಚ್ಚಿದ್ದರೂ ನಿಧಾನ. ಮೂರು ಗುಣಾಕಾರದಲ್ಲಿ ಸಿಕ್ಕ ಈ ಮಾತು ಹತ್ತು ಸಲ ಗ್ರಾಫ್ ಬರೆದರೂ ಕೆಲವರಿಗೆ ಹೊಳೆದಿರುವುದಿಲ್ಲ.

ಔಷಧದ ಲೆಕ್ಕವೂ ಇದೇ ಜಾತಿಯದ್ದು, ಮೈನಸ್ ಚಿಹ್ನೆಯೊಂದೇ ಹೆಚ್ಚುವರಿ. ರಕ್ತದಲ್ಲಿ ಎಷ್ಟು ಔಷಧ ಇದೆಯೋ ಅದಕ್ಕೆ ತಕ್ಕ ವೇಗದಲ್ಲಿ ದೇಹ ಅದನ್ನು ಹೊರಹಾಕುತ್ತದೆ. ಪ್ಯಾರಸಿಟಮಾಲ್ ಪ್ರಮಾಣ ಅರ್ಧಕ್ಕಿಳಿಯಲು ಸಾಮಾನ್ಯವಾಗಿ ಎರಡರಿಂದ ಮೂರು ಗಂಟೆ. ಹಾಗಾಗಿ ಆರು ಗಂಟೆ ಕಳೆದಾಗ ಉಳಿಯುವುದು ಎಂಟನೇ ಒಂದರಿಂದ ನಾಲ್ಕನೇ ಒಂದು ಭಾಗ.

ಎಕನಾಮಿಕ್ಸ್‌ಗೆ ಇಡ್ಲಿ ಪ್ಲೇಟ್ ಸಾಕು

ಪಾರ್ಲೆಯಲ್ಲಿ ಒಂದು ಉಡುಪಿ ಹೋಟೆಲ್ ಇದೆ ಎಂದುಕೊಳ್ಳಿ. ಇಡ್ಲಿ ಪ್ಲೇಟ್‌ಗೆ 40 ರೂಪಾಯಿ ಇಟ್ಟರೆ ದಿನಕ್ಕೆ 300 ಪ್ಲೇಟ್ ಹೋಗುತ್ತದೆ. ಬೆಲೆ ಒಂದು ರೂಪಾಯಿ ಏರಿಸಿದರೆ 5 ಪ್ಲೇಟ್ ಕಡಿಮೆ. 40ಕ್ಕೆ ವ್ಯಾಪಾರ 12,000 ರೂ. 50ಕ್ಕೆ 250 ಪ್ಲೇಟ್, 12,500 ರೂ. 60ಕ್ಕೆ 200 ಪ್ಲೇಟ್, ಮತ್ತೆ 12,000. ಶಿಖರ ಇರುವುದು 50ರಲ್ಲಿ. 49 ಮಾಡಿದರೂ 12,495, 51 ಮಾಡಿದರೂ 12,495. ಶಿಖರದ ತುದಿಯಲ್ಲಿ ಏರೂ ಇಲ್ಲ, ಇಳಿಜಾರೂ ಇಲ್ಲ. 'ಡೆರಿವೇಟಿವ್ ಸೊನ್ನೆ ಆದಲ್ಲಿ ಗರಿಷ್ಠ' ಎಂದು ಪುಸ್ತಕ ಹೇಳುವುದು ಇದನ್ನೇ.

ಸೂತ್ರದಲ್ಲಿ ಮಾಡುವುದಾದರೆ, ಬೆಲೆ ಪಿ ಆದರೆ ವ್ಯಾಪಾರ 500ಪಿ − 5ಪಿ ವರ್ಗ. ಪಿ ವರ್ಗದ ಡೆರಿವೇಟಿವ್ 2ಪಿ. ಯಾಕೆ 2ಪಿ? ಪಿ ಅಳತೆಯ ಚೌಕಾಕಾರದ ರಂಗೋಲಿಯನ್ನು ಸ್ವಲ್ಪವೇ ದೊಡ್ಡದು ಮಾಡಬೇಕೆಂದರೆ ಎರಡು ಬದಿಗೆ ಒಂದೊಂದು ತೆಳು ಪಟ್ಟಿ ಸೇರಿಸುತ್ತೀರಿ, ಪ್ರತಿ ಪಟ್ಟಿಯ ಉದ್ದ ಪಿ. ಎರಡು ಪಟ್ಟಿ, ಹಾಗಾಗಿ 2ಪಿ. ಮೂಲೆಯ ಚುಕ್ಕೆ ಎಷ್ಟು ಚಿಕ್ಕದೆಂದರೆ ಅದು ಲೆಕ್ಕಕ್ಕಿಲ್ಲ. ಈಗ 500 − 10ಪಿ ಸೊನ್ನೆ ಆಗಬೇಕು, ಪಿ 50.

ಆದರೆ ಹೋಟೆಲ್ ಮಾಲೀಕರು 50ಕ್ಕೆ ಮಾರುತ್ತಾರಾ? ಒಂದು ಪ್ಲೇಟ್ ಮಾಡಲು 20 ರೂಪಾಯಿ ಖರ್ಚಿದ್ದರೆ 50ರ ಬೆಲೆಗೆ ಲಾಭ 7,500. 60ಕ್ಕೆ 8,000. 70ಕ್ಕೆ ಮತ್ತೆ 7,500. ವ್ಯಾಪಾರ ಹೆಚ್ಚಿರುವ ಬೆಲೆಯೇ ಬೇರೆ, ಲಾಭ ಹೆಚ್ಚಿರುವ ಬೆಲೆಯೇ ಬೇರೆ. ಗಲ್ಲಾ ಮೇಲೆ ಕೂತವರಿಗೆ ಇದು ಅನುಭವದಿಂದ ಗೊತ್ತು. ಎಕನಾಮಿಕ್ಸ್ ಪುಸ್ತಕ ಅದನ್ನೇ 'ಮಾರ್ಜಿನಲ್ ರೆವೆನ್ಯೂ, ಮಾರ್ಜಿನಲ್ ಕಾಸ್ಟ್ ಸಮವಾಗುವ ಬಿಂದು' ಎನ್ನುತ್ತದೆ. ಮಾರ್ಜಿನಲ್ ಎಂಬ ಪದ ಕಂಡಲ್ಲೆಲ್ಲ ಡೆರಿವೇಟಿವ್ ಎಂದು ಓದಿಕೊಳ್ಳಿ.

ನಮ್ಮ ಡೆಸ್ಕ್‌ನಲ್ಲೂ ಆಗುವ ತಪ್ಪು

'ಹಣದುಬ್ಬರ ಇಳಿಕೆ' ಎಂಬ ಸುದ್ದಿಗೆ 'ಬೆಲೆ ಇಳಿಕೆ' ಎಂದು ಶೀರ್ಷಿಕೆ ಕೊಟ್ಟು ನಾನೇ ಒಮ್ಮೆ ಬೈಸಿಕೊಂಡಿದ್ದೇನೆ. ತಪ್ಪೇನು ಗೊತ್ತಾ? ಹಣದುಬ್ಬರ ಎಂದರೆ ಬೆಲೆಯಲ್ಲ, ಬೆಲೆ ಏರುವ ವೇಗ. 100 ರೂಪಾಯಿಯ ದಿನಸಿ ಮೊದಲ ವರ್ಷ ಶೇ. 8 ಏರಿ 108 ಆಯಿತು. ಮರುವರ್ಷ ಹಣದುಬ್ಬರ ಶೇ. 5ಕ್ಕೆ ಇಳಿಯಿತು. ದಿನಸಿ ಈಗ 113 ರೂಪಾಯಿ 40 ಪೈಸೆ. ಇಳಿದಿದ್ದು ಎಲ್ಲಿ? 'ಇಳೀತು ಅಂತ ಬರೀತೀರಿ, ಅಂಗಡೀಲಿ ಎಲ್ಲಿ ಇಳಿದಿದೆ?' ಎಂದು ಮನೆಯಲ್ಲಿ ಅಮ್ಮ ಕೇಳುವ ಪ್ರಶ್ನೆ ಶುದ್ಧ ಕ್ಯಾಲ್ಕುಲಸ್ ಪ್ರಶ್ನೆ.

ಇದರಲ್ಲಿ ರಾಜಕಾರಣಿಗಳು ನಮಗಿಂತ ಜಾಣರು. 1972ರಲ್ಲಿ ಅಮೆರಿಕ ಅಧ್ಯಕ್ಷ ರಿಚರ್ಡ್ ನಿಕ್ಸನ್ 'ಹಣದುಬ್ಬರ ಏರುವ ವೇಗ ಕಡಿಮೆಯಾಗುತ್ತಿದೆ' ಎಂದು ಹೇಳಿದ್ದರು. ಹಾಲಿ ಅಧ್ಯಕ್ಷರೊಬ್ಬರು ಮರುಆಯ್ಕೆಗಾಗಿ ಮೂರನೇ ಡೆರಿವೇಟಿವ್ ಬಳಸಿದ್ದು ಇದೇ ಮೊದಲು ಎಂದು ಗಣಿತಜ್ಞ ಹ್ಯೂಗೊ ರೋಸ್ಸಿ 1996ರಲ್ಲಿ ಕಾಲೆಳೆದಿದ್ದರು. ಬೆಲೆ ಏರುತ್ತಿದೆ, ಹಣದುಬ್ಬರವೂ ಏರುತ್ತಿದೆ, ಆದರೂ ಕೇಳಲು ಸಿಹಿ ಸುದ್ದಿ!

ಹಾಗಂತ ಇದೆಲ್ಲ ಪಶ್ಚಿಮದ ಸರಕು ಎಂದುಕೊಳ್ಳಬೇಡಿ. ನ್ಯೂಟನ್ ಮತ್ತು ಲೈಬ್ನಿಟ್ಸ್ 17ನೇ ಶತಮಾನದವರು. 1150ರಲ್ಲಿ ಸಿದ್ಧಾಂತ ಶಿರೋಮಣಿ ಬರೆದ ಎರಡನೇ ಭಾಸ್ಕರಾಚಾರ್ಯರು ಗ್ರಹಗಳ 'ತಾತ್ಕಾಲಿಕ ಗತಿ', ಅಂದರೆ ಆ ಕ್ಷಣದ ವೇಗದ ಬಗ್ಗೆ ಬರೆದಿದ್ದಾರೆ. ಅವರ ಊರು ಸಹ್ಯಾದ್ರಿಯ ತಪ್ಪಲಿನ ವಿಜ್ಜಡವಿಡ. ಅದು ಇಂದಿನ ವಿಜಯಪುರವೋ ಅಥವಾ ಮಹಾರಾಷ್ಟ್ರದ ಚಾಳೀಸಗಾಂವ್ ಕಡೆಯ ಊರೋ ಎಂಬ ಚರ್ಚೆ ಇನ್ನೂ ಇದೆ. ಕೇರಳದ ಮಾಧವ 14ನೇ ಶತಮಾನದಲ್ಲೇ ಅನಂತ ಶ್ರೇಣಿಗಳನ್ನು ಕೂಡಿಸಿದ್ದ. ಆದರೆ ಇವೆಲ್ಲವನ್ನೂ ಒಂದೇ ವಿಧಾನವಾಗಿ ಕಟ್ಟಿ, ಯಾವ ಲೆಕ್ಕಕ್ಕೂ ಬಳಸುವಂತೆ ಮಾಡಿದ್ದು ನ್ಯೂಟನ್, ಲೈಬ್ನಿಟ್ಸ್ ಅವರೇ.

ಎಷ್ಟು ಕಲಿತರೆ ಸಾಕು?

ಬಯಾಲಜಿ ಅಥವಾ ಸಮಾಜ ವಿಜ್ಞಾನದವರು ಎಂಜಿನಿಯರಿಂಗ್ ಮಕ್ಕಳಷ್ಟು ಕಲಿಯಬೇಕಿಲ್ಲ. ಗ್ರಾಫಿನ ಇಳಿಜಾರು ಎಂದರೇನು, ವರ್ಗ ಘನಗಳ ಡೆರಿವೇಟಿವ್, ಘಾತೀಯ ಏರಿಕೆ ಮತ್ತು ಲಾಗರಿದಮ್, ಗರಿಷ್ಠ ಕನಿಷ್ಠ ಕಂಡುಹಿಡಿಯುವುದು, ಗ್ರಾಫಿನ ಕೆಳಗಿನ ವಿಸ್ತೀರ್ಣ ಎಂದರೆ ಮೊತ್ತ ಎಂಬ ತಿಳಿವಳಿಕೆ. ಮೊದಲ ಸುತ್ತಿಗೆ ಇಷ್ಟು ಸಾಕು. ಲಾಗರಿದಮ್ ಮಾತ್ರ ಗಟ್ಟಿ ಇರಲಿ, ನಾನು ಹೆಚ್ಚು ಎಡವಿದ್ದು ಅಲ್ಲೇ. ಎಕನಾಮಿಕ್ಸ್‌ನವರಿಗೆ ಇದರ ಮೇಲೆ ಪಾರ್ಶಿಯಲ್ ಡೆರಿವೇಟಿವ್ ಬೇಕು. ಬೆಲೆ, ಆದಾಯ ಎರಡೂ ಬದಲಾಗುವಾಗ ಒಂದನ್ನು ಹಿಡಿದಿಟ್ಟು ಇನ್ನೊಂದರ ಪರಿಣಾಮ ನೋಡುವುದು. ಸೈನ್, ಕೊಸೈನ್‌ಗಳ ಉದ್ದುದ್ದ ಇಂಟಿಗ್ರೇಷನ್ ಸದ್ಯಕ್ಕೆ ಪಕ್ಕಕ್ಕಿಡಿ. ಲಾಜಿಸ್ಟಿಕ್ ಸಮೀಕರಣವನ್ನು ಕೈಯಲ್ಲಿ ಬಿಡಿಸಲು ಪಾರ್ಶಿಯಲ್ ಫ್ರ್ಯಾಕ್ಷನ್ ಗೊತ್ತಿರಬೇಕು ನಿಜ, ಅದು ಎರಡನೇ ಸುತ್ತಿಗೆ ಇರಲಿ. ಜ್ಯಾಮ್, ಗೇಟ್ ಬರೆಯುವವರಿಗೆ ಮಾತ್ರ ಈ ರಿಯಾಯಿತಿ ಇಲ್ಲ, ಪೂರ್ತಿ ಸಿಲೆಬಸ್ ಮುಗಿಸಲೇಬೇಕು.

ಇನ್ನೂ ಹತ್ತನೇ ತರಗತಿಯಲ್ಲಿರುವವರು ಗಮನಿಸಿ: ಸಿಬಿಎಸ್‌ಇಯಲ್ಲಿ 'ಅಪ್ಲೈಡ್ ಮ್ಯಾಥಮೆಟಿಕ್ಸ್' ಎಂಬ ಬೇರೆ ವಿಷಯವೇ ಇದೆ. ಕಾಮರ್ಸ್, ಸಮಾಜ ವಿಜ್ಞಾನದ ಕಡೆ ಹೋಗುವವರಿಗೆ ಬೇಕಾದ ಕ್ಯಾಲ್ಕುಲಸ್ ಅದರಲ್ಲಿದೆ. ಈಗಾಗಲೇ ಗಣಿತ ಬಿಟ್ಟವರು ಎನ್‌ಸಿಇಆರ್‌ಟಿ ವೆಬ್‌ಸೈಟ್‌ನಲ್ಲಿ ಹನ್ನೊಂದು, ಹನ್ನೆರಡರ ಗಣಿತ ಪುಸ್ತಕಗಳನ್ನು ಉಚಿತವಾಗಿ ಡೌನ್‌ಲೋಡ್ ಮಾಡಿಕೊಳ್ಳಬಹುದು. ಅದಕ್ಕೂ ಮೊದಲು ಆ ಫಿಸಿಕ್ಸ್ ಪುಸ್ತಕದ ಎರಡನೇ ಅಧ್ಯಾಯ ಓದಿ. ಗಣಿತ ಗೊತ್ತಿಲ್ಲದವರೂ ಓದುತ್ತಾರೆ ಎಂಬ ಅರಿವಿನಿಂದಲೇ ಬರೆದ ಕೆಲವೇ ಪುಟಗಳು ಅವು.

ಓದುವ ಮುಂಚೆ ಒಂದು ಲೆಕ್ಕ ಮಾಡಿ ನೋಡಿ. ಮೇಲಿನದೇ ಕೆರೆ, ಕೆ 1000, ಆರ್ 0.4. ವರ್ಷಕ್ಕೆ 84 ಮೀನು ಹಿಡಿಯಲು ಗುತ್ತಿಗೆ ಕೊಟ್ಟಿದ್ದಾರೆ. ಕೆರೆಯಲ್ಲಿ 700 ಮೀನು ಇದ್ದರೆ ಹೆಚ್ಚಳ ಸರಿಯಾಗಿ 84. 300 ಇದ್ದರೂ ಸರಿಯಾಗಿ 84. ಎರಡೂ ಕಡೆ ಸಂಖ್ಯೆ ಹಾಗೇ ಉಳಿಯುತ್ತದೆ, ಲೆಕ್ಕಪತ್ರದಲ್ಲಿ ಎರಡೂ ಕೆರೆ ಒಂದೇ ರೀತಿ ಕಾಣುತ್ತವೆ. ಒಂದು ವರ್ಷ ಮಳೆ ಕೈಕೊಟ್ಟು ಎರಡೂ ಕಡೆ ಹತ್ತು ಮೀನು ಸತ್ತವು. 690ಕ್ಕಿಳಿದ ಕೆರೆಯಲ್ಲಿ ಹೆಚ್ಚಳ 85.56, ಹಿಡಿಯುವುದಕ್ಕಿಂತ ಜಾಸ್ತಿ. ಆ ಕೆರೆ ಮೆಲ್ಲಗೆ 700ರತ್ತ ಮರಳುತ್ತದೆ. 290ಕ್ಕಿಳಿದ ಕೆರೆಯಲ್ಲಿ ಹೆಚ್ಚಳ 82.36. ಗುತ್ತಿಗೆ ಅದೇ 84 ಇದ್ದರೆ ಅಲ್ಲಿ ಮೀನು ಖಾಲಿಯಾಗಲು ಎಷ್ಟು ವರ್ಷ ಬೇಕು? ವರ್ಷಕ್ಕೊಂದು ಸಾಲಿನಂತೆ ಕ್ಯಾಲ್ಕುಲೇಟರ್ ಹಿಡಿದು ಬರೆಯುತ್ತಾ ಹೋಗಿ.